ಹಳ್ಳಗಳಿಗೆ ಮೀನು ಮರಳಬೇಕು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳಲ್ಲಿ ನೀರಿನ ಮಾತು ಎದ್ದೊಡನೆ ಕಬ್ಬಿನ ಮಾತು ಏಳುವದು. ಅದು ಸಹಜವೇ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ, ಎರಡೂ ಚಿಕ್ಕಸಂಗಮದಲ್ಲಿ ಕೂಡುವವು. ಇವುಗಳ ನಡುವಣ ಕರಿಮಣ್ಣಿನ ನಾಡು ನೀರಿನಿಂದಲೇ ಬಾಳುತ್ತಿದೆ. ಆದರೆ ಈ ಮಹಾನದಿಗಳಿಗೆ ಬಂದು ಸೇರುವ ಊರೂರಿನ ಸಣ್ಣ ಹಳ್ಳಗಳ ವಿಷಯವಾಗಿ, ಅದರಲ್ಲಿಯೂ ಆ ಹಳ್ಳಗಳಲ್ಲಿ ಬಾಳಬೇಕಾದ ಮೀನಿನ ವಿಷಯವಾಗಿ ಮಾತನಾಡುವವರು ವಿರಳ. ಇಂದು ನಾವು ಆ ಅಲ್ಪವೆನಿಸುವ ವಿಷಯವನ್ನೇ ವಾಚಕರ ಮುಂದಿಡಬಯಸುತ್ತೇವೆ.

ಹಳ್ಳವು ಬರಿಯ ನೀರು ಹರಿಯುವ ತಗ್ಗಲ್ಲ. ಮುಂಗಾರಿನ ಮೊದಲ ಪ್ರವಾಹವು ಕೆಂಪಾಗಿ ಬಂದೊಡನೆ ಗೆಂಡೆ ಜಾತಿಯ ಮೀನುಗಳು ದೊಡ್ಡ ಹೊಳೆಯನ್ನು ಬಿಟ್ಟು ಪ್ರವಾಹಕ್ಕೆ ಎದುರಾಗಿ ಮೇಲೇರುವವು. ನೆನೆದ ಹುಲ್ಲಿನ ಅಂಚಿನಲ್ಲಿ, ತೆಳುನೀರಿನಲ್ಲಿ ತತ್ತಿಯಿಡುವವು. ಕೊರವ ಮೀನು ಜೊಂಡಿನ ನಡುವೆ ಗೂಡು ಮಾಡಿ, ಮರಿಗಳು ಬಲಿಯುವವರೆಗೆ ಕಾವಲಿರುವದು. ಬೇಸಿಗೆಯಲ್ಲಿ ಹಳ್ಳವು ಕಡಿದುಹೋದಾಗ ಮಡುಗಳೇ ಇವುಗಳಿಗೆ ಆಶ್ರಯ. ಅಂದರೆ ಏರುವ ದಾರಿ, ತತ್ತಿಯಿಡುವ ಅಂಚು, ಬೇಸಿಗೆಯ ಮಡು ಈ ಮೂರರಲ್ಲಿ ಒಂದು ತಪ್ಪಿದರೂ ಮೀನಿನ ಸಂತತಿಯು ಕಡಿಯುವದು. ನಮ್ಮ ಹಳ್ಳಗಳಲ್ಲಿ ಮೂರೂ ತಪ್ಪುತ್ತಿವೆಯೆಂಬುದೇ ನಮ್ಮ ದೂರು.

ಮೊದಲು ಹೂಳೆತ್ತುವ ಕೆಲಸವನ್ನೇ ನೋಡಿರಿ. 2005ರ ಉದ್ಯೋಗ ಖಾತರಿ ಶಾಸನವು ಬಂದ ಮೇಲೆ ಕೆರೆ-ಹಳ್ಳಗಳ ಹೂಳೆತ್ತುವದು ಗ್ರಾಮಪಂಚಾಯತಿಗಳಿಗೆ ಪರಿಚಿತವಾದ ಕಾರ್ಯವಾಯಿತು. ಉದ್ದೇಶವು ಸ್ತುತ್ಯವೇ. ಆದರೆ ಎಷ್ಟೋ ಕಡೆ ಯಂತ್ರವು ಹಳ್ಳಕ್ಕಿಳಿದರೆ ದಂಡೆಯ ಹೊಂಗೆ, ಲಕ್ಕಿ, ಜೊಂಡುಗಳೆಲ್ಲ ಹೋಗುವವು, ಬಾಗು-ಬಳಕುಗಳು ನೆಟ್ಟಗಾಗುವವು, ತಳದ ಕಲ್ಲು, ಗರಸು ಮೇಲಕ್ಕೆ ಬಂದು ದಂಡೆಯ ಮೇಲೆ ಗುಡ್ಡೆಯಾಗುವವು, ಮಡುವೂ ತೆಳುನೀರೂ ಒಂದೇ ಮಟ್ಟವಾಗುವವು. ಅಳತೆಯ ಪುಸ್ತಕದಲ್ಲಿ ಇಷ್ಟು ಘನಮೀಟರ ಮಣ್ಣು ತೆಗೆಯಲಾಯಿತೆಂದು ಬರೆಯಲಾಗುವದು. ಹಳ್ಳವು ಗಟಾರವಾಯಿತೆಂದು ಬರೆಯಲು ಆ ಪುಸ್ತಕದಲ್ಲಿ ಕಲಮು ಇಲ್ಲ!

ಎರಡನೆಯದು ಬಾಂದಾರಗಳ ಪ್ರಶ್ನೆ. ಇಲ್ಲಿ ನಾವು ಎಚ್ಚರದಿಂದ ಬರೆಯಬೇಕಾಗಿದೆ. ಏಕೆಂದರೆ ಈ ನಾಡಿನಲ್ಲಿ ಬಾಂದಾರವೆಂಬುದು ಅಭಿಮಾನದ ವಸ್ತು. 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಹತ್ತಿರ ದಿವಂಗತ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ಸರಕಾರದ ದಾರಿ ಕಾಯದೆ ತಮ್ಮ ಹಣ, ತಮ್ಮ ಬೆವರುಗಳಿಂದಲೇ ಕೃಷ್ಣೆಗೆ ಒಡ್ಡು ಕಟ್ಟಿದರು. ಶ್ರಮಬಿಂದು ಸಾಗರವೆಂಬ ಅದರ ಹೆಸರು ಅನ್ವರ್ಥಕವಾದುದು. ಅಂಥ ಕಾರ್ಯವನ್ನು ಹಳಿಯುವದು ಕೃತಘ್ನತೆಯಾದೀತು. ನಮ್ಮ ಮಾತು ಇಷ್ಟೇ: ನೀರನ್ನು ತಡೆಯುವ ಗೋಡೆಯು ಮೀನನ್ನೂ ತಡೆಯುವದು. ಸಣ್ಣ ಹಳ್ಳದ ಮೇಲೆ ಮೂರು ಅಡಿಯ ನೆಟ್ಟನೆಯ ಗೋಡೆಯಿದ್ದರೂ ತತ್ತಿ ತುಂಬಿದ ಮೀನಿಗೆ ಅದು ಕೋಟೆಯೇ ಸರಿ.

ಇದಕ್ಕೆ ಉಪಾಯವುಂಟು, ಅದು ದುಬಾರಿಯದೂ ಅಲ್ಲ. ಗೋಡೆಯ ಕೆಳಗೆ ಕಲ್ಲುಗಳನ್ನು ಒಂದಡಿ ಏರಿಕೆಗೆ ಸುಮಾರು ಇಪ್ಪತ್ತಡಿ ಉದ್ದದಂತೆ ಇಳಿಜಾರಾಗಿ ಜೋಡಿಸಿ, ನಡುನಡುವೆ ದೊಡ್ಡ ಗುಂಡುಗಳನ್ನು ನಿಲ್ಲಿಸಿದರೆ ಮೀನು ನಿಂತು ನಿಂತು ಮೇಲೇರಬಲ್ಲದು. ಯುರೋಪ ಖಂಡದಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಸಣ್ಣ ತೊರೆಗಳಿಗೆ ಈ ಕಲ್ಲಿನ ಇಳಿಜಾರುಗಳನ್ನು ಮಾಡಿದ್ದಾರೆ. ನಮ್ಮಲ್ಲಿ ಕಲ್ಲಿಗೆ ಬರವಿಲ್ಲ, ಕಲ್ಲು ಕಟ್ಟುವ ಕೈಗಳಿಗೂ ಬರವಿಲ್ಲ. ಹಲಗೆ ಹಾಕುವ ಬಾಂದಾರಗಳಲ್ಲಿಯಂತೂ ಇಷ್ಟೂ ಬೇಡ. ಮಳೆಗಾಲಕ್ಕೆ ಮುಂಚೆ ಹಲಗೆಗಳನ್ನೆಲ್ಲ ತೆಗೆದರೆ ಸಾಕು. ಕಡೆಯ ಹನಿಯ ಆಸೆಯಿಂದ ಹಲಗೆಗಳು ಮೊದಲ ಪ್ರವಾಹದವರೆಗೂ ಉಳಿದರೆ ಆ ವರುಷದ ತತ್ತಿಯು ಕೆಟ್ಟಂತೆಯೇ.

ಮೂರನೆಯದು ನೀರಿನ ಶುದ್ಧತೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡದಂತೆ ಮೀನು ಬಾಳುವ ನೀರಿನಲ್ಲಿ ಲೀಟರಿಗೆ 4 ಮಿಲಿಗ್ರಾಮಿಗೆ ಕಡಿಮೆಯಿಲ್ಲದಷ್ಟು ಕರಗಿದ ಆಮ್ಲಜನಕವಿರಬೇಕು. ಕಾಕಂಬಿಯ ಕೊಳೆನೀರಾಗಲಿ ಊರ ಗಟಾರವಾಗಲಿ ಹಳ್ಳಕ್ಕಿಳಿದರೆ, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳೇ ಈ ಆಮ್ಲಜನಕವನ್ನು ತಿಂದುಬಿಡುವವು. ಮೀನು ವಿಷದಿಂದಲ್ಲ, ಉಸಿರುಕಟ್ಟಿ ಸಾಯುವದು. ನೂಲಿಗೆ ಬಣ್ಣ ಹಾಕಿದ ನೀರು ಬೆಳಕನ್ನೇ ತಡೆಯುವದು. ಜಲಮಾಲಿನ್ಯದ ಶಾಸನವು 1974ರದು. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯಬಾರದೆಂಬ ಶಾಸನವಂತೂ 1897ರಷ್ಟು ಹಳೆಯದು. ಶಾಸನದ ಕೊರತೆಯಿಂದ ನಮ್ಮ ಹಳ್ಳಗಳು ಕೆಟ್ಟವೆಂದು ಯಾರೂ ಹೇಳಲಾರರು.

ಮೀನಿನ ರಕ್ಷಣೆಯು ಪರದೇಶದ ಕಲ್ಪನೆಯೆಂದು ಕೆಲವರು ನಗಬಹುದು. ಶೃಂಗೇರಿಯಲ್ಲಿ ತುಂಗೆಯ ಮೀನುಗಳನ್ನು ಯಾರೂ ಹಿಡಿಯುವದಿಲ್ಲ. ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲೆಯ ಮೀನುಗಳನ್ನು ಗ್ರಾಮಸ್ಥರು ದೇವರ ಮೀನೆಂದೇ ಕಾಯುತ್ತಾರೆ. 1996ರಲ್ಲಿ ದುಷ್ಟರು ಅಲ್ಲಿ ನೀರಿಗೆ ವಿಷ ಬೆರೆಸಿ ಮೀನುಗಳ ರಾಶಿಯನ್ನೇ ಕೊಂದರೂ ಜನರು ಕೈಬಿಡಲಿಲ್ಲ. ದೇವಾಲಯದ ಮುಂದಿನ ಮಡುವಿಗೆ ದೊರೆತ ಕಾವಲು ನಮ್ಮ ಊರ ಮುಂದಿನ ಹಳ್ಳದ ಒಂದು ಮಡುವಿಗಾದರೂ ಏಕೆ ದೊರೆಯಬಾರದು? ಇದರಿಂದ ಮೀನುಗಾರ ಬಂಧುಗಳ ಹೊಟ್ಟೆಯ ಮೇಲೆ ಹೊಡೆದಂತಾಗುವದೆಂಬ ಆಕ್ಷೇಪವೂ ನಿಲ್ಲದು. ತಾಯಿಮೀನು ಉಳಿದಲ್ಲಿಯೇ ಬಲೆಗೆ ಕೆಲಸ. ಆದರೆ ಯಾವ ಮಡು, ಯಾವ ತಿಂಗಳುಗಳೆಂಬುದನ್ನು ಅವರನ್ನೇ ಕೇಳಿ ನಿರ್ಣಯಿಸಬೇಕು. ಹಳ್ಳದ ತಳವನ್ನು ಅವರಷ್ಟು ಬಲ್ಲ ಎಂಜಿನಿಯರರಿಲ್ಲ.

1948ರವರೆಗೆ ಜಮಖಂಡಿ, ಮುಧೋಳಗಳು ಬೇರೆ ಬೇರೆ ಸಂಸ್ಥಾನಗಳಾಗಿದ್ದವು, ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಆ ಸೀಮೆಗಳು ಅಳಿದರೂ ಒಂದೇ ಹಳ್ಳವನ್ನು ಮೇಲಿನ ಪಂಚಾಯತಿಯೊಂದು, ಕೆಳಗಿನ ಪಂಚಾಯತಿಯೊಂದು ತಮತಮಗೆ ತೋಚಿದಂತೆ ಆಳುವ ಪದ್ಧತಿ ಅಳಿದಿಲ್ಲ. ತಾಲೂಕಿಗೆ ಒಂದೊಂದೇ ಹಳ್ಳವನ್ನು ಆರಿಸಿ, ಅದರ ದಂಡೆಯ ಎಲ್ಲ ಪಂಚಾಯತಿಗಳನ್ನೂ ಮೀನುಗಾರಿಕೆ ಖಾತೆಯ ಅಧಿಕಾರಿಗಳನ್ನೂ ಒಂದು ಕಡೆ ಕೂಡಿಸಿರೆಂದು ತಾಲೂಕಾಡಳಿತಗಳಿಗೆ ನಮ್ಮ ಸೂಚನೆ. ಯಂತ್ರವಿಳಿಸುವ ಮೊದಲು ಉಳಿಸಬೇಕಾದ ಮಡು-ಮರಗಳಿಗೆ ಸುಣ್ಣದ ಗುರುತು ಹಾಕಲಿ. ಜಿಲೇಬಿ ಮೀನಿನಂಥ ಪರದೇಶದ ತಳಿಗಳನ್ನು ಹಳ್ಳಕ್ಕೆ ಬಿಡದಿರಲಿ. ಹಲಗೆ ತೆಗೆಯುವ ದಿನವನ್ನು ಠರಾವಿನಲ್ಲಿಯೇ ಬರೆಯಲಿ. ಮೃಗಶಿರೆ ಹುಟ್ಟುವ ಮುನ್ನ ಆ ದಿನವು ಬರಬೇಕು.