ಗಣಕಯಂತ್ರದ ನಮೂನೆಗಳೂ ಅವುಗಳ ಲಾಂಛನಗಳೂ

ಮೂಡುಬಿದಿರೆಯ ಬಸದಿಗಳನ್ನು ಸಂದರ್ಶಿಸಿದ ವಾಚಕರು ಒಂದು ಸಂಗತಿಯನ್ನು ಗಮನಿಸಿರಬಹುದು. ಸರ್ಪದ ಹೆಡೆಯುಳ್ಳ ಪಾರ್ಶ್ವನಾಥನಂತಹ ಕೆಲವನ್ನು ಬಿಟ್ಟರೆ ತೀರ್ಥಂಕರರ ಬಿಂಬಗಳು ಬಹುಮಟ್ಟಿಗೆ ಒಂದೇ ತೆರನಾಗಿರುತ್ತವೆ. ನಿಲುವಿನಿಂದಾಗಲಿ ಮುಖಭಾವದಿಂದಾಗಲಿ ಇವರು ಯಾರೆಂದು ಹೇಳುವುದು ಸುಲಭವಲ್ಲ. ಪೀಠದ ಮೇಲಿನ ಚಿಕ್ಕ ಲಾಂಛನವೇ ಹೆಸರನ್ನು ತಿಳಿಸತಕ್ಕದ್ದು. ವೃಷಭವಿದ್ದರೆ ಆದಿನಾಥ, ಶಂಖವಿದ್ದರೆ ನೇಮಿನಾಥ, ಸಿಂಹವಿದ್ದರೆ ಮಹಾವೀರ. 1430ರಲ್ಲಿ ಕಟ್ಟಲ್ಪಟ್ಟ ಸಾವಿರ ಕಂಬದ ಬಸದಿಯ ಚಂದ್ರನಾಥನಿಗೆ ಚಂದ್ರನೇ ಲಾಂಛನವೆಂಬುದನ್ನು ಹೆಸರಿನಿಂದ ಊಹಿಸಬಹುದು. ಆದರೆ ಅಜಿತನಾಥನಿಗೆ ಆನೆಯೆಂದೂ ಅಭಿನಂದನನಿಗೆ ಕಪಿಯೆಂದೂ ಬಲ್ಲವರು ಹೇಳಿಕೊಟ್ಟಲ್ಲದೆ ತಿಳಿಯಲಾರದು.

ಈ ಮಾತು ನನಗೆ ನೆನಪಾದುದು ಬಸದಿಯಲ್ಲಲ್ಲ, ಗಣಕಯಂತ್ರದ ಮುಂದೆ. ನಮ್ಮ ಕುಟುಂಬದವರು ಮುಂಬಯಿ, ಬೆಂಗಳೂರು, ದುಬಾಯಿಗಳಲ್ಲಿ ಚದುರಿಹೋಗಿರುವುದರಿಂದ ಎಲ್ಲರ ವಿವರಗಳನ್ನೂ ಒಂದೆಡೆ ಕೂಡಿಸಬೇಕೆಂದು ಹಿರಿಯರು ನಿಶ್ಚಯಿಸಿ, ಆ ಕೆಲಸವನ್ನು ನನಗೆ ಒಪ್ಪಿಸಿದರು. ನಾನು ಗೂಗಲ್ ಫಾರ್ಮ್ಸ್ ಎಂಬ ಸಾಧನದಲ್ಲಿ ಒಂದು ಪ್ರಶ್ನಾವಳಿಯನ್ನು ರಚಿಸಿ ಎಲ್ಲರ ಕೈಫೋನುಗಳಿಗೂ ಕಳುಹಿಸಿದೆನು. ಮೂರನೆಯ ದಿನ ದೊಡ್ಡಮ್ಮನ ಕರೆ ಬಂದಿತು.

“ಅಲ್ಲ ಮಗಾ, ಬಲ್ಲ ಭಾಷೆಗಳು ಯಾವುವೆಂದು ಕೇಳಿದ್ದೀಯಲ್ಲ? ತುಳುವನ್ನು ಮುಟ್ಟಿ ಆಮೇಲೆ ಕನ್ನಡವನ್ನು ಮುಟ್ಟಿದರೆ ತುಳು ಅಳಿಸಿಹೋಗುತ್ತದೆ. ಕೊಂಕಣಿಯನ್ನು ಮುಟ್ಟಿದರೆ ಕನ್ನಡವೂ ಹೋಗುತ್ತದೆ. ನಾನು ಯಾವುದನ್ನು ಬಿಡಲಿ?”

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ನೆರೆಮನೆಯವರಿಂದ ಕೊಂಕಣಿ, ಮಗನ ಬಿಡಾರದಲ್ಲಿ ಹಿಂದಿ, ಹೀಗೆ ನಾಲ್ಕನ್ನು ಕೂಡಿಸಿಕೊಂಡ ಆ ಹೆಂಗಸಿಗೆ ಒಂದನ್ನೇ ಉಳಿಸಿಕೊಳ್ಳೆಂದು ನನ್ನ ಪ್ರಶ್ನೆ ಆಜ್ಞಾಪಿಸುತ್ತಿದ್ದಿತು. ತಪ್ಪು ನನ್ನದೇ. ಉತ್ತರಗಳ ಮುಂದೆ ಚೌಕವನ್ನು ಇಡಬೇಕಾಗಿದ್ದ ಸ್ಥಳದಲ್ಲಿ ವೃತ್ತವನ್ನು ಇಟ್ಟಿದ್ದೆನು.

ವೃತ್ತಕ್ಕೂ ಚೌಕಕ್ಕೂ ಇರುವ ಈ ಭೇದವು ಎಂತಹದೆಂಬುದನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕಾಗಿದೆ. ಹಿಂದಿನ ಕಾಲದ ಮೋಟಾರುಗಳಲ್ಲಿ ಕೂಡಿಸಿದ್ದ ರೇಡಿಯೋಗಳಿಗೆ ಸಾಲಾಗಿ ಗುಂಡಿಗಳಿರುತ್ತಿದ್ದವು. ಒಂದು ಗುಂಡಿಯನ್ನು ಒತ್ತಿದೊಡನೆ ಮೊದಲೇ ಒತ್ತಿದ್ದುದು ಮೇಲಕ್ಕೆ ಚಿಮ್ಮುತ್ತಿದ್ದಿತು. ಏಕೆಂದರೆ ಏಕಕಾಲದಲ್ಲಿ ಎರಡು ನಿಲಯಗಳನ್ನು ಕೇಳುವುದು ಸಾಧ್ಯವಿಲ್ಲವಷ್ಟೆ. ಆ ವೃತ್ತಕ್ಕೆ ಇಂದಿಗೂ ರೇಡಿಯೋ ಗುಂಡಿಯೆಂದೇ ಹೆಸರು. ಹಲವುಗಳಲ್ಲಿ ಒಂದೇ ಒಂದನ್ನು ಆರಿಸಬೇಕಾದ ಕಡೆಗೆ, ಉದಾಹರಣೆಗೆ ರಕ್ತದ ಗುಂಪಿಗೆ, ಇದು ಯೋಗ್ಯವಾದುದು. ಚೌಕವಾದರೋ ಕಾಗದದ ಮೇಲೆ ನಾವು ಸರಿಗುರುತು ಹಾಕುವ ಮನೆ. ಒಂದಕ್ಕೂ ಹಾಕಬಹುದು, ಎಲ್ಲಕ್ಕೂ ಹಾಕಬಹುದು. ಹೊಸ ಪ್ರಶ್ನೆಯೊಂದನ್ನು ಸೇರಿಸಿದರೆ ಈ ಸಾಧನವು ತಾನಾಗಿ ಸಾಮಾನ್ಯವಾಗಿ ವೃತ್ತವನ್ನೇ ಮುಂದಿಡುತ್ತದೆ. ಚುಕ್ಕೆಯಿಟ್ಟ ವೃತ್ತದ ಮೇಲೆ ಒತ್ತಿ, ಬಿಚ್ಚಿಕೊಳ್ಳುವ ಪಟ್ಟಿಯಿಂದ ಸರಿಗುರುತಿನ ಚೌಕವನ್ನು ಆರಿಸಿದರೆ ಮುಗಿಯಿತು. ನಾನು ಆ ಚುಕ್ಕೆಯನ್ನು ಅಲಂಕಾರವೆಂದು ಬಗೆದಿದ್ದೆನು!

ಉಳಿದ ಚಿಹ್ನೆಗಳಲ್ಲಿ ಅನೇಕವು ಅಷ್ಟೇನೂ ಗೂಢವಲ್ಲ. ಎರಡು ಗೆರೆಗಳು ಚಿಕ್ಕ ಉತ್ತರಕ್ಕೆ, ಹಲವು ಗೆರೆಗಳು ದೀರ್ಘ ಉತ್ತರಕ್ಕೆ, ಗಡಿಯಾರವು ವೇಳೆಗೆ, ಒಂದರ ಮೇಲೊಂದಿಟ್ಟ ಎರಡು ಹಾಳೆಗಳು ಅದೇ ಪ್ರಶ್ನೆಯ ನಕಲಿಗೆ. ಕಸದ ಬುಟ್ಟಿಯನ್ನು ಒತ್ತಿ ಗಾಬರಿಯಾದವರು, ಮೇಲ್ಗಡೆ ಹಿಂದಕ್ಕೆ ಬಾಗಿದ ಬಾಣವನ್ನು ಕೂಡಲೇ ಒತ್ತಿದರೆ ಕಳೆದುದು ಮರಳಿ ಬರುತ್ತದೆ. ಚಿತ್ರಕಾರರ ಬಣ್ಣದ ಹಲಗೆಯು ಕೇವಲ ಶೃಂಗಾರಕ್ಕೆ. ನವಸಿಗರು ಹೆಚ್ಚು ಹೊತ್ತನ್ನು ಕಳೆಯುವುದು ಅಲ್ಲಿಯೇ ಎಂಬುದು ನನ್ನ ಅನುಭವ.

ಆದರೆ ಚಿತ್ರವು ವಸ್ತುವನ್ನು ಹೋಲುತ್ತದೆಯೆಂದು ನಂಬಿ ಕುಳಿತರೆ ಮೋಸಹೋಗಬೇಕಾದೀತು. ಚಿಹ್ನೆಗಳಿಂದ ಕೆಲಸ ನಡೆಯಿಸುವ ಕ್ರಮವನ್ನು 1981ರಲ್ಲಿ ಜೆರಾಕ್ಸ್ ಸಂಸ್ಥೆಯ ಸ್ಟಾರ್ ಎಂಬ ಗಣಕವು ಮಾರುಕಟ್ಟೆಗೆ ತಂದಿತು. 1984ರ ಮ್ಯಾಕಿಂಟಾಷ್ ಗಣಕಕ್ಕೆ ಸೂಸಾನ್ ಕೇರ್ ಎಂಬ ಮಹಿಳೆಯು ಚಿಹ್ನೆಗಳನ್ನು ಬರೆದುಕೊಟ್ಟರು. ಕಚೇರಿಯ ಮೇಜಿನ ಮೇಲಿದ್ದ ಕಾಗದ, ಕಡತ, ಕಸದ ಬುಟ್ಟಿಗಳೇ ಅಂದು ಮಾದರಿಗಳಾದವು. ಬರೆದುದನ್ನು ಉಳಿಸಿಡುವ ಕೆಲಸಕ್ಕೆ ಫ್ಲಾಪಿ ತಟ್ಟೆಯ ಚಿತ್ರವು ರೂಢಿಗೆ ಬಂದಿತು. ಈಗ ಆ ತಟ್ಟೆಯೇ ಮಾಯವಾಗಿದ್ದರೂ ಅನೇಕ ತಂತ್ರಾಂಶಗಳಲ್ಲಿ ಅದರ ಚಿತ್ರವು ಇನ್ನೂ ಉಳಿದುಕೊಂಡಿದೆ. ತಟ್ಟೆಯನ್ನೇ ಕಾಣದ ಮಕ್ಕಳು, ಕಪಿಯನ್ನು ಕಂಡು ಅಭಿನಂದನನೆಂದು ಅರಿಯುವವರಂತೆ, ಅದನ್ನು ಕೇವಲ ರೂಢಿಯಿಂದಲೇ ಬಲ್ಲರು. ಗೂಗಲ್ ಫಾರ್ಮ್ಸ್ ತಾನಾಗಿಯೇ ಉಳಿಸಿಡುವುದರಿಂದ ಅಲ್ಲಿ ಆ ಚಿಹ್ನೆಯೇ ಇಲ್ಲ. ನಾನು ಮೊದಲ ದಿನ ಅದನ್ನು ಹುಡುಕಿ ಹುಡುಕಿ ಬೇಸತ್ತೆನು.

ಮೂಡುಬಿದಿರೆಯ ಚೌಟರ ಅರಮನೆಯ ಮರದ ಕೆತ್ತನೆಗಳಲ್ಲಿ ನವನಾರೀ ಕುಂಜರವೆಂಬುದೊಂದಿದೆ. ದೂರದಿಂದ ಆನೆ, ಹತ್ತಿರ ಹೋಗಿ ನೋಡಿದರೆ ಒಬ್ಬರನ್ನೊಬ್ಬರು ಹೆಣೆದುಕೊಂಡ ಒಂಬತ್ತು ಮಂದಿ ಸ್ತ್ರೀಯರು. ಕೆಲವು ಚಿಹ್ನೆಗಳನ್ನೂ ಹೀಗೆಯೇ ಹತ್ತಿರ ಹೋಗಿ ನೋಡಬೇಕು. ಗಣಕದಲ್ಲಾದರೆ ಮೌಸಿನ ಬಾಣವನ್ನು ಚಿಹ್ನೆಯ ಮೇಲೆ, ಒತ್ತದೆ, ಕ್ಷಣಕಾಲ ನಿಲ್ಲಿಸಿದರೆ ಅದರ ಹೆಸರು ಕೆಳಗೆ ಮೂಡುತ್ತದೆ. ಮೌಸಿಲ್ಲದ ಕೈಫೋನಿನಲ್ಲಿ ಈ ಸೌಕರ್ಯವಿಲ್ಲದಿರುವುದರಿಂದ ನಮೂನೆಯನ್ನು ರಚಿಸುವವರು ಮೊದಮೊದಲಿಗೆ ಗಣಕದ ಮುಂದೆ ಕುಳಿತುಕೊಳ್ಳುವುದೇ ಲೇಸು.

ನಾನು ನಿರ್ಲಕ್ಷಿಸಿದ್ದ ಚಿಹ್ನೆಗಳು ಇನ್ನೆರಡು. ಒಂದು, ಪ್ರಶ್ನೆಯ ಕೊನೆಯಲ್ಲಿ ಕಾಣುವ ಕೆಂಪು ನಕ್ಷತ್ರ. ಉತ್ತರಿಸದೆ ಮುಂದೆ ಹೋಗಕೂಡದೆಂಬುದು ಅದರ ಅರ್ಥ. ಈಮೇಲ್ ವಿಳಾಸಕ್ಕೆ ನಾನು ಅದನ್ನು ಹಾಕಿದ್ದುದರಿಂದ, ಅಂತಹ ವಿಳಾಸವಿಲ್ಲದ ಹಿರಿಯರಿಬ್ಬರು ತಮ್ಮನ್ನು ಕುಟುಂಬದಿಂದ ಹೊರಗಿಟ್ಟರೆಂದೇ ಭಾವಿಸಿ ಸುಮ್ಮನಾಗಿದ್ದರು. ಇನ್ನೊಂದು, ಮೇಲ್ಭಾಗದ ಕಣ್ಣು. ಅದನ್ನು ಒತ್ತಿದರೆ, ಉತ್ತರಿಸುವವರಿಗೆ ನಮೂನೆ ಹೇಗೆ ಕಾಣುತ್ತದೆಯೋ ಹಾಗೆ ನಮಗೂ ಕಾಣುತ್ತದೆ. ಕಳುಹಿಸುವ ಮುನ್ನ ಆ ಕಣ್ಣಿನಿಂದ ಒಮ್ಮೆ ನೋಡಿ, ನಾನೇ ದೊಡ್ಡಮ್ಮನೆಂದು ಭಾವಿಸಿ ಉತ್ತರಿಸಿದ್ದರೆ ಎರಡು ತಪ್ಪುಗಳೂ ಆಗಲೇ ಹೊರಬೀಳುತ್ತಿದ್ದವು.

ವೃತ್ತಗಳನ್ನು ಚೌಕಗಳಾಗಿ ಮಾರ್ಪಡಿಸಿ, ನಕ್ಷತ್ರವನ್ನು ತೆಗೆದು, “ಒಂದಕ್ಕಿಂತ ಹೆಚ್ಚನ್ನು ಗುರುತಿಸಬಹುದು” ಎಂದು ಕನ್ನಡದಲ್ಲಿ ಬರೆದು, ಅದೇ ಸಂಜೆ ದೊಡ್ಡಮ್ಮನ ಮನೆಗೆ ಹೋದೆನು. ಚಾವಡಿಯಲ್ಲಿ ಕುಳಿತು, ಕನ್ನಡಕವನ್ನು ಏರಿಸಿಕೊಂಡು, ಅವರು ನಾಲ್ಕು ಚೌಕಗಳಿಗೂ ಒಂದೊಂದಾಗಿ ಗುರುತು ಹಾಕಿದರು. ಯಾವುದೂ ಅಳಿಸಿಹೋಗಲಿಲ್ಲವೆಂದು ಮತ್ತೊಮ್ಮೆ ಮೇಲಿನಿಂದ ನೋಡಿಕೊಂಡರು. ಬಳಿಕ ತಲೆಯೆತ್ತಿ, “ಬ್ಯಾರಿ ಭಾಷೆ ಎಲ್ಲಿ ಮಗಾ? ಪೇಟೆಯಲ್ಲಿ ಅವರು ಮಾತಾಡಿದ್ದು ನನಗೆ ಪೂರ್ತಿ ತಿಳಿಯುತ್ತದೆ” ಎಂದರು. ನಾನು ಐದನೆಯ ಚೌಕವನ್ನು ಸೇರಿಸಿದೆನು.