ಟೈರಿಗಿಂತ ಮೊದಲು ಬುಷ್ ನೋಡಿರಿ: ಸ್ವಚ್ಛ ವಾಹಿನಿಯ ಮುಂಭಾಗದ ದುರಸ್ತಿ ಕುರಿತು ಸದಸ್ಯರಿಗೆ ಮಾಹಿತಿ

ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯ ಮುಂದೆ ಬರುವ ಖರ್ಚಿನ ಪ್ರಸ್ತಾವನೆಗಳಲ್ಲಿ ಕೆಲವು ಕೂಡಲೇ ಅರ್ಥವಾಗುತ್ತವೆ. ಟೈರು, ಬ್ಯಾಟರಿ, ಡೀಸೆಲ್ ಎಂದರೆ ವಿವರಣೆ ಬೇಕಾಗುವುದಿಲ್ಲ. ಆದರೆ "ಮುಂಭಾಗದ ಬುಷ್ ಬದಲಾವಣೆ" ಎಂಬ ಒಂದು ಸಾಲು ಬಂದಾಗ ಸಭೆ ಅನುಮಾನಿಸುತ್ತದೆ. ಅದು ಕಣ್ಣಿಗೆ ಕಾಣದ ಭಾಗ, ಹೆಸರು ಅಪರಿಚಿತ, ಕೈಯಲ್ಲಿ ಹಿಡಿದರೆ ಕೇವಲ ರಬ್ಬರಿನ ತುಂಡು. ಆದ್ದರಿಂದ ವಿಷಯವನ್ನು ಮುಂದಿನ ಸಭೆಗೆ ಮುಂದೂಡುವುದು ಸಹಜ.

ಈ ಹಿಂದೆ ನಾನು ಕೆಲಸ ಮಾಡಿದ ಒಂದು ಪಂಚಾಯತಿಯಲ್ಲಿ ಹೀಗೆಯೇ ಆಯಿತು. ಕಸದ ವಾಹನದ ಮುಂದಿನ ಟೈರುಗಳು ಒಂದು ಅಂಚಿನಲ್ಲಿ ಸವೆದಿದ್ದವು; ಹೊಸ ಟೈರುಗಳಿಗೆ ಮಂಜೂರಾತಿ ದೊರೆಯಿತು. ಕೆಲವೇ ತಿಂಗಳಲ್ಲಿ ಅವೂ ಅದೇ ರೀತಿ ಸವೆದವು. ವಾಹನ ಓಡಿಸುತ್ತಿದ್ದ ಸ್ವಸಹಾಯ ಸಂಘದ ಮಹಿಳೆ ಬಹಳ ದಿನಗಳಿಂದ ಒಂದೇ ಮಾತು ಹೇಳುತ್ತಿದ್ದರು: "ಸರ್, ಬ್ರೇಕ್ ಹಾಕಿದ್ರ ಗಾಡಿ ಎಡಕ್ಕ ಜಗ್ತೈತ್ರೀ." ಕೊನೆಗೆ ಗ್ಯಾರೇಜಿನಲ್ಲಿ ವಾಹನವನ್ನು ಎತ್ತಿ ನೋಡಿದಾಗ ಎಡಭಾಗದ ಬುಷ್ ಪೂರ್ತಿ ಹರಿದಿತ್ತು. ಸಭೆ ಮೊದಲೇ ಒಪ್ಪದಿರುವುದಕ್ಕೆ ಸದಸ್ಯರು ಕಾರಣರಲ್ಲ. ಅದು ಏನು, ಏಕೆ ಬೇಕು ಎಂಬುದನ್ನು ಟಿಪ್ಪಣಿಯಲ್ಲಿ ಬರೆಯದೆ ಒಂದೇ ಸಾಲಿನಲ್ಲಿ ಮುಗಿಸಿದ್ದವನು ನಾನು. ಆ ವಿವರಣೆಯನ್ನು ಈಗಲಾದರೂ ನೀಡುವುದು ಈ ಲೇಖನದ ಉದ್ದೇಶವಾಗಿದೆ.

ಬುಷ್ ಎಂದರೇನು?

ಎತ್ತಿನ ಬಂಡಿಯಲ್ಲಿ ಅಚ್ಚು ಮತ್ತು ಗಾಲಿ ಒಂದಕ್ಕೊಂದು ಉಜ್ಜುವ ಸ್ಥಳಕ್ಕೆ ಕೀಲೆಣ್ಣೆ ಹಾಕುತ್ತಿದ್ದುದು ನಮ್ಮೆಲ್ಲರಿಗೂ ತಿಳಿದಿದೆ. ಲೋಹಕ್ಕೆ ಲೋಹ ತಾಗಿದರೆ ಎರಡೂ ಸವೆಯುತ್ತವೆ. ಮೋಟಾರು ವಾಹನದಲ್ಲಿಯೂ ಚಕ್ರಗಳನ್ನು ಹೊತ್ತ ಭಾಗವು ಚಾಸಿಗೆ ಜೋಡಣೆಯಾಗುವ ಸ್ಥಳದಲ್ಲಿ ಅಲುಗಾಟ ಇದ್ದೇ ಇರುತ್ತದೆ. ಆ ಅಲುಗಾಟವನ್ನು ತಾಳಿಕೊಳ್ಳಲು ಇಡುವ ರಬ್ಬರಿನ ಕೊಳವೆಯೇ ಬುಷ್. ಸಾಮಾನ್ಯವಾಗಿ ಇದರಲ್ಲಿ ಮೂರು ಪದರಗಳಿರುತ್ತವೆ: ಹೊರಗೆ ಉಕ್ಕಿನ ಬಳೆ, ಒಳಗೆ ಉಕ್ಕಿನ ಕೊಳವೆ, ಎರಡರ ನಡುವೆ ಅವುಗಳಿಗೆ ಅಂಟಿಕೊಂಡ ರಬ್ಬರು. ಒಳಗಿನ ಕೊಳವೆಯ ಮೂಲಕ ಬೋಲ್ಟ್ ಹಾದು ಬಿಗಿಯಾಗಿ ಹಿಡಿದಿರುತ್ತದೆ.

ಇಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಬಂಡಿಯ ಅಚ್ಚಿನ ಮೇಲೆ ಗಾಲಿ ಜಾರುತ್ತದೆ. ಬುಷ್‌ನಲ್ಲಿ ಯಾವುದೂ ಜಾರುವುದಿಲ್ಲ. ರಬ್ಬರು ತಿರುಚಿಕೊಂಡು ಮತ್ತೆ ತನ್ನ ಸ್ಥಿತಿಗೆ ಮರಳುತ್ತದೆ. ಆದ್ದರಿಂದ ಇದಕ್ಕೆ ಎಣ್ಣೆಯ ಅಗತ್ಯವಿಲ್ಲ. ಎಂಜಿನ್ ಎಣ್ಣೆ, ಡೀಸೆಲ್, ಗ್ರೀಸ್ ತಾಗಿದರೆ ರಬ್ಬರು ಉಬ್ಬಿ ಮೆತ್ತಗಾಗಿ ಬೇಗನೆ ಹಾಳಾಗುತ್ತದೆ. ಶಬ್ದ ನಿಲ್ಲಲೆಂದು ಬುಷ್‌ಗೆ ಹಳೆಯ ಎಣ್ಣೆ ಸುರಿಯುವುದು ರೋಗವನ್ನು ಹೆಚ್ಚಿಸುವ ಮದ್ದು. ಗ್ರೀಸ್ ನಿಪ್ಪಲ್ ಇರುವ ಲೋಹದ ಪಿನ್‌ಗಳಿಗೆ ಮಾತ್ರ ಗ್ರೀಸ್ ಹಾಕತಕ್ಕದ್ದು.

ನಮ್ಮ ವಾಹನಗಳಲ್ಲಿ ಅದು ಎಲ್ಲಿರುತ್ತದೆ?

ಕಾರುಗಳಲ್ಲಿ ಹಾಗೂ ಕೆಲವು ಪಿಕಪ್ ವಾಹನಗಳಲ್ಲಿ ಮುಂದಿನ ಚಕ್ರಗಳ ತೋಳುಗಳನ್ನು ಸಬ್‌ಫ್ರೇಮ್ ಎಂಬ ಪ್ರತ್ಯೇಕ ಉಪಚೌಕಟ್ಟಿಗೆ ಜೋಡಿಸಿ, ಆ ಚೌಕಟ್ಟನ್ನು ಬುಷ್‌ಗಳ ಮೂಲಕ ವಾಹನದ ಒಡಲಿಗೆ ಬಿಗಿದಿರುತ್ತಾರೆ. ಅಲ್ಲಿ ಬುಷ್ ಸವೆದರೆ ಬ್ರೇಕ್ ಹಾಕಿದಾಗ ಮುಂಭಾಗದ ಜೋಡಣೆಯೆಲ್ಲ ಒಟ್ಟಾಗಿ ಸರಿಯುತ್ತದೆ.

2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್‌ನಂತಹ ಮಿನಿ ಟ್ರಕ್ಕುಗಳ ರಚನೆ ಬೇರೆ. ಅದರಲ್ಲಿ ಮುಂದೆಯೂ ಇಡಿಯಾದ ಆಕ್ಸಲ್ ಇದ್ದು, ಅದನ್ನು ಎರಡು ಬದಿಯ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್ ಹೊತ್ತಿರುತ್ತದೆ. ಪ್ರತಿ ಸ್ಪ್ರಿಂಗಿನ ಎರಡೂ ತುದಿಗಳನ್ನು ಬಳೆಯಂತೆ ಸುತ್ತಿ ಅದರೊಳಗೆ ಬುಷ್ ಕೂರಿಸಿರುತ್ತಾರೆ. ಒಂದು ತುದಿ ಚಾಸಿಗೆ ನೇರವಾಗಿ ಜೋಡಣೆಯಾಗಿರುತ್ತದೆ. ಇನ್ನೊಂದು ತುದಿ ಶ್ಯಾಕಲ್ ಎಂಬ ತೂಗಾಡುವ ಕೊಂಡಿಗೆ ಸೇರಿರುತ್ತದೆ. ಭಾರ ಬಿದ್ದಾಗ ಸ್ಪ್ರಿಂಗ್ ಉದ್ದವಾಗಲು ಇದು ಅವಕಾಶ ಕೊಡುತ್ತದೆ. ಶ್ಯಾಕಲ್ ತೂಗಾಡುವಂಥದ್ದಾದ್ದರಿಂದ ಬ್ರೇಕಿನ ಎಳೆತವನ್ನು ಅದು ತಡೆಯಲಾರದು. ಆ ಎಳೆತವೆಲ್ಲ ಸ್ಥಿರ ತುದಿಯ ಬುಷ್ ಮೇಲೆಯೇ ಬೀಳುತ್ತದೆ.

ಎಳೆತ ಎಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಕಸ ತುಂಬಿದ ವಾಹನದ ಒಟ್ಟು ತೂಕ 1,500 ಕಿ.ಗ್ರಾಂ. ಎಂದು ಭಾವಿಸೋಣ. ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದಾಗ ಅಡ್ಡ ಬಂದ ಮಗುವನ್ನು ಕಂಡು 12 ಮೀಟರಿನೊಳಗೆ ನಿಲ್ಲಿಸಿದರೆ, ಬ್ರೇಕಿನ ಬಲದ 60 ಪಾಲು ಮುಂದಿನ ಚಕ್ರಗಳ ಮೇಲೆ ಬೀಳುತ್ತದೆಂದು ಹಿಡಿದಾಗ, ಪ್ರತಿ ಬದಿಯ ಸ್ಥಿರ ಬುಷ್ ಮೇಲೆ ಸುಮಾರು 230 ಕಿ.ಗ್ರಾಂ. ಭಾರಕ್ಕೆ ಸಮನಾದ ಎಳೆತ ಉಂಟಾಗುತ್ತದೆ. ಎಡಗಡೆಯ ಬುಷ್ ಹರಿದಿದ್ದು ಬಲಗಡೆಯದು ಗಟ್ಟಿಯಾಗಿದ್ದರೆ ಆಕ್ಸಲ್‌ನ ಎಡ ತುದಿ ಹಿಂದಕ್ಕೆ ಸರಿಯುತ್ತದೆ, ಬಲ ತುದಿ ನಿಲ್ಲುತ್ತದೆ. ಚಾಲಕಿ ಸ್ಟೇರಿಂಗ್ ನೇರವಾಗಿ ಹಿಡಿದಿದ್ದರೂ ವಾಹನ ಪಕ್ಕಕ್ಕೆ ಜಗ್ಗುತ್ತದೆ. ಇದು ಟೈರಿನ ಖರ್ಚಿಗಿಂತ ದೊಡ್ಡ ವಿಷಯ. ಆಸನದಲ್ಲಿ ಕುಳಿತಿರುವವರು ನಮ್ಮೂರಿನ ಹೆಣ್ಣುಮಕ್ಕಳು, ರಸ್ತೆಯಲ್ಲಿ ಆಡುತ್ತಿರುವವು ನಮ್ಮ ಮಕ್ಕಳು.

ಕಿಲೋಮೀಟರ್ ಅಲ್ಲ, ನಿಲುಗಡೆ ಎಣಿಸಬೇಕು

"ಗಾಡಿ ಇನ್ನೂ ಹೆಚ್ಚು ಓಡಿಲ್ಲವಲ್ಲ, ಆಗಲೇ ಬುಷ್ ಹೋಯಿತೇ?" ಎಂಬ ಪ್ರಶ್ನೆ ಸಭೆಯಲ್ಲಿ ಬರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಸದ ವಾಹನಕ್ಕೆ ಓಡಿದ ಕಿಲೋಮೀಟರ್ ಸರಿಯಾದ ಅಳತೆಯಲ್ಲ.

ಉದಾಹರಣೆಗೆ 400 ಮನೆಗಳ ಒಂದು ಗ್ರಾಮವನ್ನು ತೆಗೆದುಕೊಳ್ಳೋಣ. ನಾಲ್ಕು ಮನೆಗಳಿಗೊಮ್ಮೆ ನಿಂತರೂ ದಿನಕ್ಕೆ 100 ನಿಲುಗಡೆ. ತಿಂಗಳಿಗೆ 25 ದಿನ ಎಂದರೆ 2,500, ವರ್ಷಕ್ಕೆ 30,000. ಗಂಟೆಗೆ 15 ಕಿ.ಮೀ. ವೇಗದಿಂದ 4 ಮೀಟರಿನಲ್ಲಿ ನಿಂತರೂ ಮೇಲಿನ ಲೆಕ್ಕದ ಪ್ರಕಾರ ಪ್ರತಿ ಬದಿಗೆ ಸುಮಾರು 100 ಕಿ.ಗ್ರಾಂ. ಎಳೆತ ಬೀಳುತ್ತದೆ. ಓಣಿಯ ಕೊನೆಯಲ್ಲಿ ತಿರುಗಲು ಜಾಗವಿಲ್ಲದೆ ಹಿಂದಕ್ಕೆ ಬಂದು ಬ್ರೇಕ್ ಹಾಕಿದಾಗ ಅದೇ ಎಳೆತ ಎದುರು ದಿಕ್ಕಿನಲ್ಲಿ ಬೀಳುತ್ತದೆ. ಹೆದ್ದಾರಿಯಲ್ಲಿ ಓಡುವ ಬಾಡಿಗೆ ವಾಹನ ಇಷ್ಟೇ ದೂರಕ್ಕೆ ಇದರ ಅಲ್ಪಭಾಗದಷ್ಟೂ ಬ್ರೇಕ್ ಹಾಕುವುದಿಲ್ಲ.

ಇದಕ್ಕೆ ನಮ್ಮ ಭಾಗದ ನೆಲವೂ ಸೇರುತ್ತದೆ. ಹಿಂದೆ ಯಲಬುರ್ಗಾ ತಾಲೂಕಿನಲ್ಲಿದ್ದು ಈಗ ಕುಕನೂರು ತಾಲೂಕಿಗೆ ಸೇರಿರುವ ಇಟಗಿಯ ಸುತ್ತಮುತ್ತ ಎರೆಭೂಮಿ ಹೆಚ್ಚು. ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅದರ ಮೇಲಿನ ರಸ್ತೆ ಸಮತಟ್ಟಾಗಿ ಉಳಿಯುವುದು ಕಷ್ಟ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕಟ್ಟಿಸಿದ ಮಹಾದೇವ ದೇವಾಲಯವಿರುವ ಇಂತಹ ಹಳೆಯ ಊರಿನಲ್ಲಿ ಓಣಿಗಳು ಕಿರಿದು, ತಿರುವುಗಳು ಹೆಚ್ಚು. ಬೇಸಿಗೆಯ ಬಿಸಿಲಿಗೆ ರಬ್ಬರು ಗಡುಸಾಗಿ ಬಿರಿಯುತ್ತದೆ. ಹಸಿ ಕಸದಿಂದ ಸೋರುವ ನೀರು ಬೋಲ್ಟ್‌ಗಳಿಗೆ ತುಕ್ಕು ಹಿಡಿಸುತ್ತದೆ. ಹೀಗೆ ಬೇರೆ ವಾಹನಕ್ಕಿಂತ ಮೊದಲೇ ಬುಷ್ ಸವೆಯುವುದು ಚಾಲಕಿಯ ತಪ್ಪಲ್ಲ, ಕೆಲಸದ ಸ್ವರೂಪ.

ಸದಸ್ಯರು ಸ್ವತಃ ಗಮನಿಸಬಹುದಾದ ಲಕ್ಷಣಗಳು

1. ಮುಂದಿನ ಟೈರುಗಳು ಒಂದು ಅಂಚಿನಲ್ಲಿ ಅಥವಾ ಅಲ್ಲಲ್ಲಿ ಮಾತ್ರ ಸವೆದಿರುವುದು.

2. ತಗ್ಗು ಅಥವಾ ರಸ್ತೆಯುಬ್ಬು ದಾಟುವಾಗ, ಬ್ರೇಕ್ ಹಾಕಿದ ಕ್ಷಣದಲ್ಲಿ ಮುಂಭಾಗದಿಂದ "ಟಕ್" ಎಂಬ ಶಬ್ದ ಬರುವುದು.

3. ನೇರ ರಸ್ತೆಯಲ್ಲಿಯೂ ಸ್ಟೇರಿಂಗನ್ನು ಪದೇಪದೇ ತಿದ್ದಬೇಕಾಗುವುದು. ಬ್ರೇಕ್ ಹಾಕಿದಾಗ ಒಂದೇ ಬದಿಗೆ ಜಗ್ಗುವುದು.

4. ನಿಂತ ವಾಹನದ ಸ್ಪ್ರಿಂಗಿನ ತುದಿಗೆ ಬ್ಯಾಟರಿ ದೀಪ ಹಿಡಿದು ನೋಡಿದಾಗ ರಬ್ಬರು ಬಿರಿದಿರುವುದು, ಹೊರಕ್ಕೆ ಬಂದಿರುವುದು ಅಥವಾ ಬೋಲ್ಟ್ ಬಳೆಯ ನಡುವೆ ಇರದೆ ಒಂದು ಕಡೆಗೆ ಸರಿದಿರುವುದು.

ಇವೇ ಲಕ್ಷಣಗಳು ಟೈರಿನ ಗಾಳಿ ಕಡಿಮೆಯಾದಾಗ, ಒಂದು ಬದಿಯ ಬ್ರೇಕ್ ಹಿಡಿದುಕೊಂಡಾಗ ಅಥವಾ ಸ್ಟೇರಿಂಗಿನ ಬಾಲ್ ಜಾಯಿಂಟ್ ಸಡಿಲವಾದಾಗಲೂ ಕಾಣಬಹುದು. ಆದ್ದರಿಂದ ಸದಸ್ಯರ ಪರಿಶೀಲನೆ ಸಂಶಯವನ್ನು ಗುರುತಿಸಲು ಮಾತ್ರ. ತೀರ್ಮಾನವನ್ನು ಮೆಕ್ಯಾನಿಕ್ ಸಲಾಕೆಯಿಂದ ಮೀಟಿ ಅಲುಗಾಟ ಪರೀಕ್ಷಿಸಿದ ನಂತರವೇ ತೆಗೆದುಕೊಳ್ಳಬೇಕು. ಜಾಕ್ ಮೇಲೆ ನಿಂತ ವಾಹನದ ಕೆಳಗೆ ಯಾರೂ ತಲೆ ಹಾಕಬಾರದು.

ಬದಲಾವಣೆಯ ಸರಿಯಾದ ಕ್ರಮ

ಕೆಲಸ ಗ್ಯಾರೇಜಿನದೇ ಆದರೂ ಹಣ ಪಂಚಾಯತಿಯದು. ಏನು ನಡೆಯಬೇಕೆಂಬುದು ತಿಳಿದಿದ್ದರೆ ಪ್ರಶ್ನೆ ಕೇಳಲು ಅನುಕೂಲ.

ವಾಹನವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಡಬೇಕು. ಜಾಕಿನಿಂದ ಎತ್ತಿದ ನಂತರ ಚಾಸಿಯ ಕೆಳಗೆ ಗಟ್ಟಿಯಾದ ಸ್ಟ್ಯಾಂಡ್ ಕೊಟ್ಟು, ಆಕ್ಸಲ್‌ಗೆ ಬೇರೆ ಆಧಾರ ನೀಡಬೇಕು. ಬೋಲ್ಟ್‌ಗಳನ್ನು ತೆಗೆದ ಮೇಲೆ ಹಳೆಯ ಬುಷ್ ಅನ್ನು ಪ್ರೆಸ್ ಯಂತ್ರದಿಂದ ಅಥವಾ ತಿರುಪಿನ ಪುಲ್ಲರಿನಿಂದ ಹೊರಕ್ಕೆ ದೂಡಬೇಕು. ಗ್ಯಾಸ್ ಬೆಂಕಿಯಿಂದ ರಬ್ಬರು ಸುಟ್ಟು ತೆಗೆಯುವ ರೂಢಿ ಕೆಲವೆಡೆ ಇದೆ. ಅದರ ಹೊಗೆ ವಿಷಕಾರಿ ಮಾತ್ರವಲ್ಲ, ಕಾಯಿಸಿದ ಸ್ಪ್ರಿಂಗಿನ ಉಕ್ಕು ತನ್ನ ಹದ ಕಳೆದುಕೊಂಡು ಮುಂದೆ ತುಂಡಾಗಬಹುದು. ಇದಕ್ಕೆ ಒಪ್ಪಬಾರದು.

ಹೊಸ ಬುಷ್ ಕೂರಿಸುವ ಮೊದಲು ಬಳೆಯ ಒಳಭಾಗದ ತುಕ್ಕು ತೆಗೆದು ಬಿರುಕು ಇದೆಯೇ ಎಂದು ನೋಡಬೇಕು. ಬುಷ್‌ನ ಹೊರಬಳೆಯ ಮೇಲೆ ಒತ್ತಡ ಬೀಳುವಂತೆ ನೇರವಾಗಿ ಒತ್ತಬೇಕು. ಸುತ್ತಿಗೆಯಿಂದ ಬಡಿದರೆ ಹೊಸ ಬುಷ್ ಮೊದಲ ದಿನವೇ ಸೊಟ್ಟಗಾಗುತ್ತದೆ. ಜಾರಿಸಲು ಸೋಪಿನ ನೀರು ಸಾಕು, ಎಣ್ಣೆ ಬೇಡ. ಒಂದೇ ಬದಿ ಹಾಳಾಗಿದ್ದರೂ ಎಡ ಮತ್ತು ಬಲ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಇಲ್ಲವಾದರೆ ಒಂದು ಮೆತ್ತಗೆ, ಒಂದು ಗಟ್ಟಿ ಎಂಬ ಅಸಮತೋಲನ ಉಳಿದುಕೊಳ್ಳುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ತಪ್ಪುವ ಹಂತ ಕೊನೆಯದು. ಚಕ್ರಗಳು ಗಾಳಿಯಲ್ಲಿ ತೂಗಾಡುತ್ತಿರುವಾಗಲೇ ಬೋಲ್ಟ್‌ಗಳನ್ನು ಪೂರ್ತಿ ಬಿಗಿದರೆ ರಬ್ಬರು ಆ ಸ್ಥಿತಿಯಲ್ಲಿಯೇ ಹಿಡಿದುಕೊಳ್ಳುತ್ತದೆ. ವಾಹನ ಕೆಳಗಿಳಿದು ಭಾರ ಬಿದ್ದ ಕೂಡಲೇ ಅದು ತಿರುಚಿಕೊಂಡು, ನಿಂತಲ್ಲಿಯೇ ಹಗಲು ರಾತ್ರಿ ಎಳೆತದಲ್ಲಿರುತ್ತದೆ. ಅಂತಹ ಬುಷ್ ಅಲ್ಪಕಾಲದಲ್ಲಿಯೇ ಹರಿಯುತ್ತದೆ. ಆಗ "ಮಾಲು ಕಳಪೆ" ಎಂಬ ಮಾತು ಬರುತ್ತದೆ. ಆದ್ದರಿಂದ ಬೋಲ್ಟ್‌ಗಳನ್ನು ಮೊದಲು ಸಡಿಲವಾಗಿ ಕೂರಿಸಿ, ವಾಹನವನ್ನು ಚಕ್ರಗಳ ಮೇಲೆ ಇಳಿಸಿ, ಕೆಲವು ಸಲ ಅಲುಗಾಡಿಸಿ, ನಂತರ ತಯಾರಕರು ಸೂಚಿಸಿದ ಅಳತೆಗೆ ಟಾರ್ಕ್ ಪಾನಾದಿಂದ ಬಿಗಿಯಬೇಕು. ಲಾಕ್ ನಟ್‌ಗಳನ್ನು ಹೊಸದಾಗಿಯೇ ಹಾಕಬೇಕು. ವೀಲ್ ಅಲೈನ್‌ಮೆಂಟ್ ಮಾಡಿಸಿದ ನಂತರ, ಟೈರು ಬದಲಾಯಿಸುವ ಅಗತ್ಯವಿದ್ದರೆ, ಟೈರು ಹಾಕಿಸಬೇಕು. ಕೆಲವು ದಿನ ಓಡಿದ ಮೇಲೆ ಬೋಲ್ಟ್‌ಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಪ್ರಸ್ತಾವನೆ ಮತ್ತು ಠರಾವು

ರಬ್ಬರಿನ ತುಂಡಿಗೆ ಇಷ್ಟು ಖರ್ಚೇ ಎಂಬ ಸಂದೇಹಕ್ಕೆ ಉತ್ತರವಿದು: ಖರ್ಚಿನ ದೊಡ್ಡ ಪಾಲು ಭಾಗದ್ದಲ್ಲ, ಬಿಚ್ಚಿ ಜೋಡಿಸುವ ಕೂಲಿಯದು. ಹಾಗಾಗಿ ಒಂದು ಬಾರಿ ಬಿಚ್ಚಿದಾಗಲೇ ಎರಡೂ ಬದಿಯ ಸ್ಥಿರ ತುದಿ ಮತ್ತು ಶ್ಯಾಕಲ್ ಬುಷ್‌ಗಳನ್ನು ಬದಲಾಯಿಸುವುದು ಉಳಿತಾಯದ ದಾರಿ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 58ರ ಅಡಿಯಲ್ಲಿ ಗ್ರಾಮದ ನೈರ್ಮಲ್ಯವು ಪಂಚಾಯತಿಯ ಹೊಣೆಯಾಗಿದೆ. ವಾಹನ ನಿಂತರೆ ಕಸ ಮತ್ತೆ ಚರಂಡಿಗೆ, ಹಳ್ಳದ ದಂಡೆಗೆ ಹೋಗುತ್ತದೆ. ಆದುದರಿಂದ ದುರಸ್ತಿಯ ಪ್ರಸ್ತಾವನೆ ಸಭೆಗೆ ಬಂದಾಗ ಸದಸ್ಯರು ಈ ಕೆಳಗಿನವುಗಳನ್ನು ಕೇಳಿ ಪಡೆಯಬೇಕೆಂದು ಕೋರಲಾಗಿದೆ:

ಅ) ದರಪಟ್ಟಿಯಲ್ಲಿ ಬುಷ್‌ಗಳ ಸಂಖ್ಯೆ, ತಯಾರಕರ ಭಾಗ ಸಂಖ್ಯೆ, ಬಿಡಿಭಾಗದ ಬೆಲೆ, ಕೂಲಿ ಮತ್ತು ಅಲೈನ್‌ಮೆಂಟ್ ವೆಚ್ಚ ಪ್ರತ್ಯೇಕವಾಗಿ ನಮೂದಾಗಿರಬೇಕು. ಖರೀದಿಯು ಸಾರ್ವಜನಿಕ ಸಂಗ್ರಹಣೆಯ ನಿಯಮಗಳಿಗೆ ಒಳಪಟ್ಟಿರಬೇಕು.

ಆ) ಟೈರು ಖರೀದಿಯ ಪ್ರಸ್ತಾವನೆಯೊಂದಿಗೆ ಬುಷ್ ಹಾಗೂ ಸ್ಟೇರಿಂಗ್ ಭಾಗಗಳನ್ನು ಪರೀಕ್ಷಿಸಿದ ಬಗ್ಗೆ ಮೆಕ್ಯಾನಿಕ್‌ನ ಲಿಖಿತ ವರದಿ ಇರಬೇಕು.

ಇ) ತೆಗೆದ ಹಳೆಯ ಬುಷ್‌ಗಳನ್ನು ಕಚೇರಿಗೆ ಮರಳಿಸಿ, ಲಾಗ್ ಪುಸ್ತಕದಲ್ಲಿ ದಿನಾಂಕ ಮತ್ತು ಕಿ.ಮೀ. ಸಹಿತ ದಾಖಲಿಸಬೇಕು.

ಈ) ಲಾಗ್ ಪುಸ್ತಕದಲ್ಲಿ ಚಾಲಕಿಯ ದೂರಿಗಾಗಿ ಒಂದು ಅಂಕಣ ಇಟ್ಟು, ಅದನ್ನು ಪ್ರತಿ ತಿಂಗಳ ಸಾಮಾನ್ಯ ಸಭೆಯಲ್ಲಿ ಓದಬೇಕು.

ಇವುಗಳಲ್ಲಿ ಕೊನೆಯದಕ್ಕೆ ಯಾವ ಖರ್ಚೂ ಇಲ್ಲ. ಮೇಲೆ ಹೇಳಿದ ಪ್ರಕರಣದಲ್ಲಿ ರೋಗ ಯಾವುದೆಂದು ಗ್ಯಾರೇಜಿಗಿಂತಲೂ, ಪಂಚಾಯತಿ ಅಭಿವೃದ್ಧಿ ಅಧಿಕಾರಿಗಿಂತಲೂ ಮೊದಲು ತಿಳಿದಿದ್ದವರು ದಿನವೂ ಆ ಸ್ಟೇರಿಂಗ್ ಹಿಡಿಯುತ್ತಿದ್ದ ಮಹಿಳೆ. ಅವರ ಮಾತು ಕಾಗದದ ಮೇಲೆ ಬಂದಿದ್ದರೆ ಒಂದು ಜೊತೆ ಟೈರು ಉಳಿಯುತ್ತಿತ್ತು. ಅಷ್ಟು ತಿಂಗಳು ಅವರು ಜಗ್ಗುವ ವಾಹನವನ್ನು ಓಣಿಗಳಲ್ಲಿ ಓಡಿಸಬೇಕಾಗಿಯೂ ಇರುತ್ತಿರಲಿಲ್ಲ.