ಕಾಣದ ಬೇಲಿ

ಬೇಲಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕತ್ತಾಳೆಯ ಸಾಲು, ಕಳ್ಳಿಯ ಗಿಡ, ಇಲ್ಲವೆ ಮುಳ್ಳುತಂತಿ. ಕಣ್ಣಿಗೆ ಕಾಣುವುದೇ ಬೇಲಿಯ ಮೊದಲನೆಯ ಗುಣ. ಅದು ದನಕ್ಕೂ ಕಾಣಬೇಕು, ಕಳ್ಳನಿಗೂ ಕಾಣಬೇಕು, ನೆರೆಯವನಿಗಂತೂ ಕಾಣಲೇಬೇಕು. ಆದರೆ ಯಾರ ಕಣ್ಣಿಗೂ ಕಾಣದ, ನಾಯಿಗೆ ಮಾತ್ರ ತಿಳಿಯುವ ಬೇಲಿಯೊಂದು ಅಮೆರಿಕದಲ್ಲಿ ಬಳಕೆಯಲ್ಲಿದೆ. ಅಲ್ಲಿನ ಎಷ್ಟೋ ಬಡಾವಣೆಗಳಲ್ಲಿ ಮನೆಯ ಮುಂದಣ ಹುಲ್ಲುಹಾಸಿಗೆ ಬೇಲಿ ಕಟ್ಟುವುದನ್ನು ನಿವಾಸಿಗಳ ಸಂಘದವರು ಒಪ್ಪುವುದಿಲ್ಲ. ನಾಯಿ ಬೀದಿಗೆ ಬಂದರೆ ವಾಹನಗಳು ಉಳಿಸುವುದಿಲ್ಲ. ಇಂಥ ಇಕ್ಕಟ್ಟಿಗೆ ಒದಗುವ ಉಪಾಯವೊಂದಕ್ಕೆ ರಿಚರ್ಡ್ ಪೆಕ್ ಎಂಬವರು 1973ರಲ್ಲಿ ಪೇಟೆಂಟ್ ಪಡೆದರು.

ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ಕೆಲವು ತಿಂಗಳು ತಂಗಿದ್ದಾಗ ಈ ಬೇಲಿಯ ಒಳಗುಟ್ಟನ್ನು ಅರಿಯುವ ಸಂದರ್ಭ ನನಗೆ ಒದಗಿತು. ಕಾರು ನಿಲ್ಲಿಸುವ ಕೊಟ್ಟಿಗೆಯ ಗೋಡೆಗೆ ಒಂದು ಪುಟ್ಟ ಪೆಟ್ಟಿಗೆ. ಅದರಿಂದ ಹೊರಟ ತಂತಿ ನೆಲದೊಳಗೆ ಎರಡು ಮೂರು ಅಂಗುಲ ಆಳದಲ್ಲಿ ಹಿತ್ತಿಲನ್ನೂ ಅಂಗಳವನ್ನೂ ಸುತ್ತಿ ಮತ್ತೆ ಪೆಟ್ಟಿಗೆಯನ್ನೇ ಸೇರುತ್ತದೆ. ತಂತಿಯಲ್ಲಿ ಸದಾ ಒಂದು ರೇಡಿಯೋ ಸಂಕೇತ ಹರಿಯುತ್ತಿರುತ್ತದೆ. ನಾಯಿಯ ಕೊರಳಪಟ್ಟಿಯಲ್ಲಿರುವ ಗ್ರಾಹಕ ತಂತಿಯನ್ನು ಸಮೀಪಿಸಿದರೆ ಮೊದಲು ಸದ್ದು ಮಾಡಿ ಎಚ್ಚರಿಸುತ್ತದೆ. ಮುಂದುವರಿದರೆ ಎರಡು ಲೋಹದ ಮೊಳೆಗಳ ಮೂಲಕ ಚರ್ಮಕ್ಕೆ ಚುರುಕು ಮುಟ್ಟಿಸುತ್ತದೆ. ಗಡಿಯುದ್ದಕ್ಕೂ ಪುಟ್ಟ ಬಾವುಟಗಳನ್ನು ನೆಟ್ಟು, ಸದ್ದಾದೊಡನೆ ಹಿಂದಿರುಗಬೇಕೆಂಬುದನ್ನು ನಾಯಿಗೆ ಎರಡು ವಾರವಾದರೂ ಕಲಿಸಬೇಕು. ಮಗಳ ಮನೆಯ ಗುಂಡ ಈ ಪಾಠವನ್ನು ಎಂದೋ ಕಲಿತಿದ್ದ.

ಒಂದು ಬೆಳಿಗ್ಗೆ ಪೆಟ್ಟಿಗೆಯ ದೀಪ ಆರಿ, ಅದು ಕೀಚು ದನಿಯಲ್ಲಿ ಕೂಗುತ್ತಿತ್ತು. ತಂತಿ ಎಲ್ಲಿಯೋ ತುಂಡಾಗಿದೆ ಎಂಬುದರ ಸೂಚನೆ ಅದು. ಕಿಟಕಿಯಿಂದ ನೋಡಿದರೆ ಗುಂಡ ಎಂದಿನಂತೆ ಅಂಗಳದ ಅಂಚಿನವರೆಗೆ ನಡೆದು, ಕಾಣದ ಗೆರೆಯ ಮುಂದೆ ನಿಂತು, ಬೀದಿಯನ್ನು ದಿಟ್ಟಿಸಿ, ಹಿಂದಕ್ಕೆ ಬಂದ. ತಂತಿ ಸತ್ತಿತ್ತು; ಬೇಲಿ ಮಾತ್ರ ಬದುಕಿತ್ತು. ಮಗಳು ಅವನ ಕೊರಳಿಗೆ ಹಗ್ಗ ಹಾಕಿ ಒಳಕ್ಕೆ ಕರೆದೊಯ್ದಳು.

ಇಂಥ ದೋಷವನ್ನು ಹುಡುಕುವುದಕ್ಕೆ ಒಂದು ಕ್ರಮವುಂಟು. ಮೊದಲು ನೆಲದ ತಂತಿಯನ್ನು ಬಿಡಿಸಿ, ಒಂದು ಗಿಡ್ಡ ತಂತಿಯನ್ನು ಪೆಟ್ಟಿಗೆಯ ಎರಡು ತುದಿಗಳಿಗೆ ಸೇರಿಸಬೇಕು. ಕೂಗು ನಿಂತರೆ ಪೆಟ್ಟಿಗೆ ಸರಿಯಾಗಿದೆ, ದೋಷವಿರುವುದು ನೆಲದಲ್ಲಿ. ನಮ್ಮಲ್ಲಿ ಕೂಗು ನಿಂತಿತು. ಮುಂದಿನ ಕೆಲಸಕ್ಕೆ ಬೇಕಾದದ್ದು ಚೋಕ್ ಎಂಬ ಪುಟ್ಟ ಸುರುಳಿ ಮತ್ತು ಹಳೆಯ ಕಾಲದ ಮಧ್ಯಮ ತರಂಗದ ರೇಡಿಯೋ. ನೆಲದ ತಂತಿಯ ತುದಿಗಳ ಜೊತೆಗೆ ಸುರುಳಿಯನ್ನೂ ಪೆಟ್ಟಿಗೆಗೆ ಜೋಡಿಸಿ, ರೇಡಿಯೋದ ಮುಳ್ಳನ್ನು 600 ಕಿಲೋಹರ್ಟ್ಸಿನ ಆಸುಪಾಸಿನಲ್ಲಿ ನಿಲ್ದಾಣವಿಲ್ಲದ ಕಡೆ ನಿಲ್ಲಿಸಿದರೆ ಮಿಡಿತದಂಥ ಸದ್ದು ಕೇಳುತ್ತದೆ. ರೇಡಿಯೋವನ್ನು ನೆಲಕ್ಕೆ ಹತ್ತಿರ ಹಿಡಿದು ತಂತಿಯ ಜಾಡಿನಲ್ಲಿ ನಡೆಯಬೇಕು. ಸದ್ದು ಕುಗ್ಗಿ ಅಡಗಿದ ಎಡೆಯಲ್ಲಿ ತಂತಿ ತುಂಡಾಗಿದೆಯೆಂದು ತಿಳಿಯಬಹುದು.

ಅಳಿಯ ಮುಂದೆ, ನಾನು ಹಿಂದೆ, ಮೊಮ್ಮಗಳು ನಡುವೆ. ಬಾವಿ ತೋಡುವ ಮುನ್ನ ಕವಲುಕಡ್ಡಿ ಹಿಡಿದು ನೀರು ನೋಡುವವರ ಮೆರವಣಿಗೆಯಂತಿತ್ತು ನಮ್ಮದು. ಹಾಸುಗಲ್ಲಿನ ದಾರಿಯ ಪಕ್ಕದಲ್ಲಿ ಮಿಡಿತ ಅಡಗಿತು. ಅಗೆದು ನೋಡಿದರೆ, ಹುಲ್ಲಿನ ಅಂಚು ಕತ್ತರಿಸುವ ಯಂತ್ರ ತಂತಿಯನ್ನು ನೇರವಾಗಿ ತುಂಡರಿಸಿತ್ತು. ತುದಿಗಳನ್ನು ಕೆರೆದು, ಬಿಗಿಯಾಗಿ ಹೊಸೆದು, ನೀರು ಹೋಗದಂತೆ ಅಂಟುಮೇಣ ತುಂಬಿದ ಗೂಡಿನೊಳಗೆ ಮುಚ್ಚಿದೆವು. ಬರಿಯ ಅಂಟುಪಟ್ಟಿ ಸುತ್ತಿ ಬಿಟ್ಟರೆ ತೇವ ಸೇರಿ, ತಾಮ್ರ ಹಸಿರಾಗಿ, ಕೆಲವು ತಿಂಗಳಲ್ಲಿ ಮತ್ತೆ ಅದೇ ಕಥೆ.

ದೀಪ ಹೊತ್ತಿತು. ಆಗ ಮೊಮ್ಮಗಳು ಕೇಳಿದಳು: “ತಾತ, ತಂತಿ ಕೆಟ್ಟಿದ್ದಾಗಲೂ ಗುಂಡ ದಾಟಲಿಲ್ಲವಲ್ಲ, ಮತ್ತೆ ಯಾಕೆ ಕರೆಂಟು?”

ಉತ್ತರ ಸುಲಭವಾಗಿರಲಿಲ್ಲ. ನೆನಪಿನ ಬೇಲಿ ದಿನವೂ ನಿಲ್ಲುತ್ತದೆ, ಜಿಂಕೆಯೊಂದು ಎದುರಿಗೆ ಓಡಿದ ದಿನದ ಹೊರತು. ಆ ಆವೇಶದಲ್ಲಿ ಕೆಲವು ನಾಯಿಗಳು ಚುರುಕನ್ನೂ ಲೆಕ್ಕಿಸದೆ ಹಾರುತ್ತವೆ. ಆವೇಶ ಇಳಿದ ಮೇಲೆ ಅದೇ ಚುರುಕಿಗೆ ಹೆದರಿ ಮನೆಗೆ ಮರಳಲಾರದೆ ಹೊರಗೇ ಉಳಿಯುತ್ತವೆ. ಹೊರಗಿನ ನಾಯಿ ಒಳಗೆ ನುಗ್ಗುವುದನ್ನಂತೂ ಈ ಬೇಲಿ ತಡೆಯದು. ಬ್ರಿಟನ್ನಿನ ವೇಲ್ಸ್ ಪ್ರಾಂತ 2010ರಲ್ಲಿ ಚುರುಕು ಮುಟ್ಟಿಸುವ ಕೊರಳಪಟ್ಟಿಯನ್ನೇ ನಿಷೇಧಿಸಿತು. ಅಲ್ಲಿಯವರ ಮನಸ್ಸಿನಲ್ಲಿದ್ದುದು ಪ್ರಾಣಿಯ ನೋವು. ಮಗಳ ಮನಸ್ಸಿನಲ್ಲಿದ್ದುದು ನಲವತ್ತು ಅಡಿ ದೂರದ ರಸ್ತೆ. ಎರಡನ್ನೂ ಅಲ್ಲಗಳೆಯಲು ನನ್ನಿಂದಾಗಲಿಲ್ಲ.

“ನೀವೇ ಹೇಳಿ, ಅಪ್ಪ, ಏನು ಮಾಡಲಿ?” ಎಂದಳು ಮಗಳು.

“ಅವನು ನಿಂತದ್ದು ತಂತಿಗೆ ಅಲ್ಲವಮ್ಮ, ನೀನು ಕಲಿಸಿದ ಪಾಠಕ್ಕೆ,” ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊರಳಪಟ್ಟಿಯ ಗುಂಡಿಯನ್ನು ತಿರುಗಿಸಿ ಬರಿಯ ಸದ್ದಿಗೆ ಇಟ್ಟಳು. ಗುಂಡ ಒಂಟಿಯಾಗಿ ಅಂಗಳದಲ್ಲಿ ಇರಕೂಡದೆಂದೂ ನಿಯಮ ಮಾಡಿದಳು. ಹಳೆಯ ಬಾವುಟಗಳು ಮತ್ತೆ ನೆಲ ಸೇರಿದವು. ಅಂದಿನಿಂದ ದಿನವೂ ಸಂಜೆ ಗುಂಡನೊಡನೆ ಗಡಿಯುದ್ದಕ್ಕೂ ನಡೆಯುವ ಕೆಲಸ ಮೊಮ್ಮಗಳ ಪಾಲಿಗೆ ಬಂತು.